ಟೈಡ್‌ಪೂಲಿನಲ್ಲಿ ಹೆಸರು ಹುಡುಕುವುದು: ಆ್ಯಪ್, ದಪ್ಪ ಪುಸ್ತಕ, ಮಡಚುವ ಕಾರ್ಡ್

ಕಡಲು ಇಳಿದಾಗ ಬಂಡೆಗಳ ನಡುವೆ ಉಳಿಯುವ ನೀರಗುಂಡಿಯೇ ಟೈಡ್‌ಪೂಲ್. ಅಲ್ಲಿನ ಜೀವಿಗಳ ಹೆಸರು ಪತ್ತೆಹಚ್ಚಲು ಫೋನಿನ ಆ್ಯಪ್, ದಪ್ಪ ಪುಸ್ತಕ, ಚಿತ್ರಗಳಿರುವ ಮಡಚುವ ಪ್ಲಾಸ್ಟಿಕ್ ಕಾರ್ಡ್ ಮೂರನ್ನೂ ಬಳಸಿ ನೋಡಿದೆ. ನನ್ನ ಓಟು ಕಾರ್ಡಿಗೆ. ಮೊದಲೇ ಹೇಳಿಬಿಟ್ಟರೆ ಮುಂದೆ ಓದುವವರು ನನ್ನ ಪಕ್ಷಪಾತವನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಸನಿವೇಲಿನಲ್ಲಿ ಒಂದು ಮಸಾಲೆ ದೋಸೆಗೆ ಕೊಡುವಷ್ಟು ದುಡ್ಡೂ ಆ ಕಾರ್ಡಿಗೆ ಬೀಳಲಿಲ್ಲ. ಅದಕ್ಕೂ ಮೊದಲು ತರಿಸಿದ್ದ ದಪ್ಪ ಪುಸ್ತಕಕ್ಕೆ ಅದರ ಹಲವು ಪಟ್ಟು ತೆತ್ತಿದ್ದೆ. ಆ್ಯಪ್ ಅಂತೂ ಪುಕ್ಕಟೆ. ಆದರೂ ಒದ್ದೆ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತಾಗ ಕೈ ಹೋಗುವುದು ಕಾರ್ಡಿಗೇ.

ನಾವು ಹೆಚ್ಚಾಗಿ ಹೋಗುವುದು ಮಾಸ್ ಬೀಚಿನ ಫಿಟ್ಜೆರಾಲ್ಡ್ ಮರೀನ್ ರಿಸರ್ವ್‌ಗೆ. ಅಲ್ಲಿ ಪಾರ್ಕಿಂಗ್ ಸಿಗದಿದ್ದರೆ ಹಾಫ್ ಮೂನ್ ಬೇ ಹತ್ತಿರದ ಪಿಲ್ಲರ್ ಪಾಯಿಂಟಿಗೆ. ಇಳಿತದ ಚಾರ್ಟಿನಲ್ಲಿ ಸೊನ್ನೆಗಿಂತ ಕೆಳಗೆ, ಮೈನಸ್ ಎಂದು ತೋರಿಸುವ ದಿನ ನೋಡಿಕೊಂಡೇ ಹೊರಡಬೇಕು. ಈ ಕರಾವಳಿಯಲ್ಲಿ ಅಂಥ ಇಳಿತ ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ ಬೀಳುತ್ತದೆ, ವಸಂತದಲ್ಲೂ ಬೇಸಿಗೆಯಲ್ಲೂ ಬೆಳ್ಳಂಬೆಳಗ್ಗೆ. ಕೆಳದಂಡೆಯ ಬಂಡೆಗಳು ಬಯಲಾಗಿರುವುದು ಹೆಚ್ಚೆಂದರೆ ಗಂಟೆ ಎರಡು ಗಂಟೆ. ಹಾಗಾಗಿ ಯಾವುದರಲ್ಲಿ ಎಷ್ಟು ಜೀವಿಗಳಿವೆ, ಎಷ್ಟು ಪುಟ ಇದೆ ಎಂಬ ಲೆಕ್ಕವನ್ನೆಲ್ಲ ಬಿಟ್ಟಿದ್ದೇನೆ. ತಣ್ಣನೆ ಗಾಳಿಯಲ್ಲಿ, ಉಪ್ಪುನೀರು ಮೆತ್ತಿದ ಕೈಯಲ್ಲಿ, ಅಲೆಗಳ ಕಡೆ ಒಂದು ಕಣ್ಣಿಟ್ಟುಕೊಂಡೇ ಯಾವುದನ್ನು ಬಳಸಲಿಕ್ಕಾಗುತ್ತದೆ ಎಂದಷ್ಟೇ ನೋಡಿದ್ದು.

ಕ್ಯಾಮೆರಾ ಹಿಡಿದರೆ ಹೆಸರು ಹೇಳುವ ಆ್ಯಪ್ ಮೊದಲು. ಸುಲಭದವುಗಳಲ್ಲಿ ಅದಕ್ಕೆ ಪೂರ್ತಿ ಅಂಕ. ಓಕರ್ ನಕ್ಷತ್ರಮೀನು ನೇರಳೆ ಬಣ್ಣದ್ದಿರಲಿ, ಕಿತ್ತಳೆಯದಿರಲಿ, ಎರಡೂ ಒಂದೇ ಜಾತಿ ಎಂದು ತಡವರಿಸದೆ ಹೇಳುತ್ತದೆ. ಅಂಗೈಗಿಂತ ದೊಡ್ಡ ಹಸಿರು ಕಡಲಹೂವು (ಸೀ ಅನೆಮೋನ್), ಬಂಡೆ ಸಂದಿಯಿಂದ ಇಣುಕುವ ಪಟ್ಟೆ ಏಡಿ, ಒತ್ತೊತ್ತಾಗಿ ಅಂಟಿಕೊಂಡ ಪಚ್ಚಿಲೆ, ಎಲ್ಲಕ್ಕೂ ಪಾಸ್. ಫೇಲಾಗುವುದು ಖಾಲಿ ಚಿಪ್ಪಿನೊಳಗೆ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಯ ಹತ್ತಿರ. ಅದರ ಕಥೆಯನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಕಾರ್ಡು ಕೊಳ್ಳುವಂತೆ ಮಾಡಿದ್ದು ಅದೇ.

ಇಲ್ಲಿನ ಗುಂಡಿಗಳಲ್ಲಿ ಕಪ್ಪು ಟರ್ಬನ್ ಬಸವನಹುಳುಗಳು ರಾಶಿ ರಾಶಿ. ಅವುಗಳ ಖಾಲಿ ಚಿಪ್ಪೆಂದರೆ ಸನ್ಯಾಸಿ ಏಡಿಗೆ ಬಲು ಇಷ್ಟ. ಗುಂಡಿಗೆ ಬಗ್ಗಿ ನೋಡಿದರೆ ನಿಧಾನಕ್ಕೆ ಜಾರುತ್ತಿರುವುದು ಹುಳು, ಗಡಿಬಿಡಿಯಲ್ಲಿ ಓಡುತ್ತಿರುವುದು ಏಡಿ. ಇಷ್ಟು ಸಣ್ಣ ಮಕ್ಕಳಿಗೂ ತಿಳಿಯುತ್ತದೆ. ಆದರೆ ಫೋನಿನ ನೆರಳು ಬಿದ್ದದ್ದೇ ತಡ, ಏಡಿ ಸರಕ್ಕನೆ ಒಳಗೆ. ಕ್ಯಾಮೆರಾಕ್ಕೆ ಕಾಣುವುದು ಚಿಪ್ಪು ಮಾತ್ರ. ಆ್ಯಪ್ ಅದನ್ನೇ ನೋಡಿ "ಕಪ್ಪು ಟರ್ಬನ್ ಬಸವನಹುಳು" ಎಂದು ಘೋಷಿಸಿಬಿಡುತ್ತದೆ. ಬಾಡಿಗೆಯವನನ್ನು ಕೇಳಿದರೆ ಮನೆ ಓನರ್ ಹೆಸರು ಹೇಳಿದ ಹಾಗೆ.

ಆಗಲಿ, ಕಾಯೋಣ ಎಂದು ಫೋನ್ ಅಲುಗಿಸದೆ ಕೂತರೆ ಮುಂದಿನ ರಗಳೆ. ನೀರಿನ ಮೇಲೆ ಮೋಡದ ಬಿಳುಪು ಹೊಳೆದು ಅರ್ಧ ಪರದೆ ಬೆಳ್ಳಗಾಗುತ್ತದೆ. ಅದರ ನಡುವೆ ಹೆಸರು ಏರುತ್ತಾ ಇಳಿಯುತ್ತಾ ಇರುತ್ತದೆ: ಒಮ್ಮೆ ಮೃದ್ವಂಗಿ, ಒಮ್ಮೆ ಕಠಿಣಚರ್ಮಿ, ಇನ್ನೊಮ್ಮೆ ಬರೀ "ಪ್ರಾಣಿ". ಏಡಿ ಮೀಸೆ ಹೊರಗೆ ಹಾಕುವ ಹೊತ್ತಿಗೆ ಸರಿಯಾಗಿ ಪರದೆ ಆರಿಹೋಗುತ್ತದೆ. ಎಬ್ಬಿಸೋಣವೆಂದರೆ ಒದ್ದೆ ಬೆರಳಿಗೆ ಟಚ್ ಕೇಳುವುದಿಲ್ಲ. ಬೆರಳು ಒರೆಸಲು ಅಂಗಿಯ ಅಂಚು ಎಳೆದರೆ ಏಡಿ ಮತ್ತೆ ಒಳಗೆ. ಇದಕ್ಕೆಂದೇ ವಾಟರ್‌ಪ್ರೂಫ್ ಪೌಚ್ ಒಂದನ್ನೂ ತರಿಸಿ ನೋಡಿದೆ. ಒಳಗೆ ಮಂಜು ಕಟ್ಟಿ ಏಡಿ, ಕಲ್ಲು, ಪಾಚಿ ಎಲ್ಲ ಒಂದೇ ಬಣ್ಣವಾದವು.

ಇಷ್ಟೆಲ್ಲ ಸರ್ಕಸ್ಸಿನ ನಂತರ ಏಡಿಯೇ ಚೆನ್ನಾಗಿ ಕಂಡಿತು ಅನ್ನಿ. ಆಗಲೂ ಸಿಗುವ ಉತ್ತರ ಅನೇಕ ಸಲ "ಪಗುರಸ್" ಎಂಬ ಕುಲದ ಹೆಸರಿಗೇ ನಿಂತುಬಿಡುತ್ತದೆ. ಅದೇ ಕುಲದ ಮೂರು ಜಾತಿಗಳು ಇಲ್ಲಿನ ಬಂಡೆಗಳಲ್ಲಿ ಸಾಮಾನ್ಯ. ಯಾವುದನ್ನು ನೋಡಿ ಬೇರ್ಪಡಿಸಬೇಕು ಎಂಬುದನ್ನು ಮಾತ್ರ ಆ್ಯಪ್ ಹೇಳುವುದಿಲ್ಲ.

ನನ್ನ ಕಾರ್ಡಿನಲ್ಲಿ ಆ ಮೂರೂ ಪಕ್ಕಪಕ್ಕದಲ್ಲಿವೆ, ಮೀಸೆಯ ಕಡೆಗೆ ಒಂದೊಂದು ಬಾಣ. ಮೀಸೆ ಪಟ್ಟೆಯಿಲ್ಲದ ಕೆಂಪು, ಕಾಲಿನ ತುದಿಯ ಹತ್ತಿರ ನೀಲಿ ಪಟ್ಟಿ ಇದ್ದರೆ ಪಗುರಸ್ ಸಾಮ್ಯುಯೆಲಿಸ್. ಮೀಸೆಯಲ್ಲೇ ಗಾಢ, ತಿಳಿ ಪಟ್ಟೆಗಳಿದ್ದು ಕಾಲಿಗೆ ಬಿಳಿ ಪಟ್ಟಿ, ಮೈಗೆ ಕೂದಲು ಇದ್ದರೆ ಪಗುರಸ್ ಹಿರ್ಸುಟಿಯಸ್ಕುಲಸ್. ಮೀಸೆ ಬರೀ ಕಿತ್ತಳೆ, ಕಾಲು ತುಂಬ ನೀಲಿಬಿಳಿ ಚುಕ್ಕೆ, ಪಟ್ಟಿಯೇ ಇಲ್ಲ ಎಂದಾದರೆ ಪಗುರಸ್ ಗ್ರಾನೊಸಿಮಾನಸ್. ಇದನ್ನು ಒಮ್ಮೆ ನೋಡಿಕೊಂಡು, ನೆರಳು ಬೀಳದ ಕಡೆಯಲ್ಲಿ ಸುಮ್ಮನೆ ಕೂತರಾಯಿತು. ಏಡಿ ಧೈರ್ಯ ಮಾಡಿ ಕಣ್ಣು, ಮೀಸೆ ಹೊರಗೆ ಚಾಚುವಷ್ಟರಲ್ಲಿ ಉತ್ತರ ಕೈಯಲ್ಲಿರುತ್ತದೆ. ಆಮೇಲೆ ಅದು ಒಳಗೆ ಹೋದರೂ ನನಗೇನೂ ನಷ್ಟವಿಲ್ಲ.

ಹಳದಿ ನ್ಯೂಡಿಬ್ರಾಂಕ್‌ಗಳದ್ದೂ ಇದೇ ಕಥೆ. ನ್ಯೂಡಿಬ್ರಾಂಕ್ ಎಂದರೆ ಚಿಪ್ಪಿಲ್ಲದ ಕಡಲ ಬಸವನಹುಳು. ನಿಂಬೆ ಸಿಪ್ಪೆಯಂಥ ಮೈಯ ಎರಡು ಜಾತಿ ಇಲ್ಲಿವೆ, ಪೆಲ್ಟೊಡೋರಿಸ್ ನೊಬಿಲಿಸ್ ಮತ್ತು ಡೋರಿಸ್ ಮಾಂಟೆರೆಯೆನ್ಸಿಸ್. ಆ್ಯಪ್ ಒಂದು ಕೋನದಿಂದ ಒಂದರ ಹೆಸರು ಹೇಳಿ, ಪಕ್ಕಕ್ಕೆ ಸರಿದರೆ ಇನ್ನೊಂದಕ್ಕೆ ಹಾರುತ್ತದೆ. ನೋಡಬೇಕಾದ್ದು ಎರಡೇ ಕಡೆ. ಬೆನ್ನ ಹಿಂಭಾಗದಲ್ಲಿ ಗೊಂಡೆಯ ಹಾಗೆ ಅರಳಿರುವ ಕಿವಿರು ಬಿಳಿಯಿದ್ದರೆ ಮೊದಲನೆಯದು, ಮೈಯಷ್ಟೇ ಹಳದಿಯಿದ್ದರೆ ಎರಡನೆಯದು. ಕಪ್ಪು ಮಚ್ಚೆ ಗುಳ್ಳೆಗಳ ನಡುವಿನ ತಗ್ಗಿನಲ್ಲಷ್ಟೇ ಇದ್ದರೆ ಮೊದಲನೆಯದು, ಗುಳ್ಳೆಗಳ ತಲೆಯ ಮೇಲೂ ಹತ್ತಿದ್ದರೆ ಎರಡನೆಯದು. ಕಾರ್ಡಿನಲ್ಲಿ ಇದಕ್ಕೆ ಒಂದೂವರೆ ಸಾಲು. ಮುಟ್ಟಬೇಡಿ, ಮುಟ್ಟಿದರೆ ಕಿವಿರು ಒಳಗೆಳೆದುಕೊಳ್ಳುತ್ತದೆ, ಆಮೇಲೆ ಯಾವ ಕಾರ್ಡೂ ಪ್ರಯೋಜನಕ್ಕಿಲ್ಲ.

ಬಸವನಹುಳುವಿನ ಪಾದದ ಅಂಚು ಕಿತ್ತಳೆಯಿದ್ದರೆ ಕಂದು ಟರ್ಬನ್, ಪಾದ ಕಪ್ಪಿದ್ದರೆ ಕಪ್ಪು ಟರ್ಬನ್. ಇದೂ ಕಾರ್ಡಿನ ಕೊಡುಗೆಯೇ.

ಇನ್ನು ದಪ್ಪ ಪುಸ್ತಕ. ಅದನ್ನು ಬರೆದವರ ವಿದ್ವತ್ತಿಗೆ ದೊಡ್ಡ ನಮಸ್ಕಾರ. ಆದರೆ ಅದು ವಂಶದ ಪ್ರಕಾರ ಜೋಡಿಸಿದ ಪುಸ್ತಕ. ಕಣ್ಣೆದುರಿನ ಗುಲಾಬಿ ತೇಪೆ ಸ್ಪಂಜೋ, ಪುಟ್ಟ ಜೀವಿಗಳ ಗುಂಪಾದ ಬ್ರಯೋಜೋವನ್ನೋ, ಗುಂಪಾಗಿ ಬೆಳೆಯುವ, ನೀರು ಚಿಮ್ಮುವ ಸೀ ಸ್ಕ್ವರ್ಟೋ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಪುಟ ಸಿಗುತ್ತದೆ. ಪುಟ ಸಿಕ್ಕಿದ ಮೇಲೆ ಕವಲು ಪ್ರಶ್ನೆಗಳು: ಹೀಗಿದ್ದರೆ ಈ ನಂಬರಿಗೆ ಹೋಗಿ, ಹಾಗಿದ್ದರೆ ಆ ನಂಬರಿಗೆ. ಸ್ಪಂಜಿಗೆ ಬಂದರೆ ಅದರ ಒಳಗಿನ ಸೂಜಿಮುಳ್ಳುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಎನ್ನುತ್ತದೆ. ಟೋಪಿಯಂಥ ಚಿಪ್ಪಿನ ಲಿಂಪೆಟ್ಟಿಗೆ ಬಂದರೆ ಆ ಚಿಪ್ಪಿನ ಒಳಮೈಯ ಕಂದು ಕಲೆ ಹೇಗಿದೆ ಎಂದು ಕೇಳುತ್ತದೆ. ಬಂಡೆಗೆ ಕಚ್ಚಿಕೊಂಡ ಜೀವಂತ ಲಿಂಪೆಟ್ಟನ್ನು ಕಿತ್ತು ತಿರುಗಿಸಿದರೆ ಅದು ಉಳಿಯುವುದು ಕಷ್ಟ. ಅದೂ ಅಲ್ಲದೆ ಈ ರಿಸರ್ವಿನಲ್ಲಿ ಖಾಲಿ ಚಿಪ್ಪನ್ನೂ ಕಲ್ಲನ್ನೂ ಸಹ ಎತ್ತಿಕೊಂಡು ಹೋಗುವಂತಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಕೂತವರಿಗಾಗಿ ಕೇಳಿದ ಪ್ರಶ್ನೆಗಳು ಅವು.

ಕೆಲವು ಕಡೆ ಪ್ರಶ್ನೆಗೆ ಉತ್ತರವೇ ಇಲ್ಲದಿರುವುದೂ ಉಂಟು. ಮಾಂಟೆರೆ ಸುತ್ತಮುತ್ತ ಎರಡು ಲಿಂಪೆಟ್ ಜಾತಿಗಳು, ಲೊಟಿಯಾ ಡಿಜಿಟಾಲಿಸ್ ಮತ್ತು ಲೊಟಿಯಾ ಆಸ್ಟ್ರೊಡಿಜಿಟಾಲಿಸ್, ಬೆರೆತು ಬದುಕುತ್ತವೆ. ಅವನ್ನು ಖಚಿತವಾಗಿ ಬೇರ್ಪಡಿಸಲು ಆನುವಂಶಿಕ ಪರೀಕ್ಷೆಯೇ ಬೇಕು. ಅಲ್ಲಿ ಮೂರಕ್ಕೂ ಸಮಾನ ಸೊನ್ನೆ.

ಪುಸ್ತಕಕ್ಕೆ ವಯಸ್ಸಾಗುವುದು ಇನ್ನೊಂದು ತೊಂದರೆ. ನನ್ನದರಲ್ಲಿ ಹರ್ಮಿಸೆಂಡಾ ಎಂಬ ಸೊಗಸಾದ ನ್ಯೂಡಿಬ್ರಾಂಕ್ ಒಂದೇ ಜಾತಿ. 2016ರಲ್ಲಿ ಅದನ್ನು ಬಿಡಿಸಿ ಬೇರೆಬೇರೆ ಜಾತಿ ಮಾಡಿದರು. ಬೆನ್ನ ಮೇಲಿನ ಬೆರಳಿನಂಥ ಎಳೆಗಳ ಉದ್ದಕ್ಕೆ ಬಿಳಿ ಗೆರೆ ಇದ್ದರೆ ಕ್ರಾಸಿಕಾರ್ನಿಸ್, ಇಲ್ಲದಿದ್ದರೆ ಓಪಲೆಸೆನ್ಸ್. ಹಳದಿ ಮೈಗೆ ಬಿಳಿ ಚುಕ್ಕೆಯ ಡೋರಿಯಾಪ್ಸಿಲ್ಲಾದ್ದೂ ಇದೇ ಗತಿ, 2015ರಲ್ಲಿ. ಇಷ್ಟಾದರೂ ಪುಸ್ತಕವನ್ನು ಮಾರುವುದಿಲ್ಲ. ಬ್ರಯೋಜೋವನ್ನನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಪುಟ್ಟ ಕೋಣೆಗಳ ಸಾಲು ಕಾಣುತ್ತದೆ, ಸ್ಪಂಜಿನಲ್ಲಿ ಕೋಣೆಗಳಿಲ್ಲ, ನೀರು ಹೊರಹಾಕುವ ತೂತುಗಳಿವೆ ಎಂಬುದನ್ನು ಕಲಿಸಿದ್ದು ಅದೇ. ಮಳೆ ಬಂದ ಶನಿವಾರಗಳಿಗೆ ಅದು ಒಳ್ಳೆಯ ಸಂಗಾತಿ.

ಕಾರ್ಡಿಗೆ ಕೊರತೆ ಇಲ್ಲವೆಂದಲ್ಲ. ಸ್ಪಂಜುಗಳಿಗೆ ಮೂಲೆಯಲ್ಲಿ ಎರಡು ಚಿತ್ರ, ಹುಳುಗಳಂತೂ ಲೆಕ್ಕಕ್ಕೇ ಇಲ್ಲ. ಹಾಸಿನಂತೆ ಹರಡುವ ಆಂಥೊಪ್ಲ್ಯೂರಾ ಎಲೆಗಾಂಟಿಸಿಮಾ ಕಡಲಹೂವನ್ನೂ, ಒಂಟಿಯಾಗಿ ದೊಡ್ಡದಾಗುವ ಆಂಥೊಪ್ಲ್ಯೂರಾ ಸೋಲಾವನ್ನೂ ಒಂದೇ ಹೆಸರಿನಡಿ ಹಾಕಿಬಿಟ್ಟಿದ್ದಾರೆ. ಇವನ್ನು 2000ದಲ್ಲೇ ಬೇರೆ ಮಾಡಿ ಇಷ್ಟು ವರ್ಷವಾಯಿತು. ಎಲ್ಲಕ್ಕಿಂತ ಬೇಸರದ್ದು ಮಧ್ಯದ ಮಡಿಕೆ. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ತೋಳಿನ ಸೂರ್ಯಕಾಂತಿ ನಕ್ಷತ್ರಮೀನು ಎಲ್ಲಕ್ಕಿಂತ ದೊಡ್ಡದಾಗಿ ಕೂತಿದೆ. 2013ರಲ್ಲಿ ಶುರುವಾದ ರೋಗದಲ್ಲಿ ಅದು ಕ್ಯಾಲಿಫೋರ್ನಿಯಾದಿಂದ ಹೆಚ್ಚುಕಡಿಮೆ ಅಳಿದೇ ಹೋಯಿತು. 2020ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ರೋಗಕ್ಕೆ ಕಾರಣ ವಿಬ್ರಿಯೊ ಪೆಕ್ಟೆನಿಸಿಡಾ ಎಂಬ ಬ್ಯಾಕ್ಟೀರಿಯಾ ಎಂದು ಗೊತ್ತಾದದ್ದು 2025ರಲ್ಲಿ. ಮಗಳು ಪ್ರತಿ ಸಲವೂ ಅದನ್ನೇ ತೋರಿಸಿ "ಇದೆಲ್ಲಿದೆ ಅಪ್ಪಾ?" ಎನ್ನುತ್ತಾಳೆ.

ಕಾರ್ಡಿಗೆ ನಿಲುಕದ್ದನ್ನು ರಾತ್ರಿ ಮನೆಯಲ್ಲಿ, ಜೀವಿಗಳ ಫೋಟೊ ಹಂಚಿಕೊಳ್ಳುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಹಾಕುತ್ತೇನೆ. ಅದನ್ನು ಈ ಹೋಲಿಕೆಯಲ್ಲಿ ಸ್ಪರ್ಧಿಯಾಗಿ ನಿಲ್ಲಿಸಿಲ್ಲ, ಯಾಕೆಂದರೆ ನಾನು ಅದನ್ನು ಬಂಡೆಯ ಮೇಲೆ ತೆರೆಯುವುದೇ ಇಲ್ಲ. 2008ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳ ಮಾಸ್ಟರ್ಸ್ ಪ್ರಾಜೆಕ್ಟಾಗಿ ಹುಟ್ಟಿದ್ದು ಅದು. ಅಲ್ಲಿ ಹೆಸರನ್ನು ಖಚಿತಪಡಿಸುವವರು ಮನುಷ್ಯರು, ಅದರಲ್ಲೂ ನ್ಯೂಡಿಬ್ರಾಂಕ್ ಎಂದರೆ ನಿದ್ದೆಗೆಟ್ಟು ಕೂರುವಂಥವರು. ಅವರ ಮೊದಲ ಪ್ರಶ್ನೆ ಬಹುಮಟ್ಟಿಗೆ "ಕಿವಿರು ಕಾಣುವ ಫೋಟೊ ಇದೆಯೇ?" ಅಥವಾ "ಮೀಸೆಯದ್ದು?" ಎಂದೇ ಇರುತ್ತದೆ. ಕಾರ್ಡು ನೋಡಿಕೊಂಡು ತೆಗೆದ ಫೋಟೊಗಳಲ್ಲಿ ಅವು ಇರುತ್ತವೆ, ಹಾಗಾಗಿ ಜವಾಬೂ ಬೇಗ ಬರುತ್ತದೆ. ಆ್ಯಪ್ ಹಿಡಿದು ಓಡಾಡಿದ ದಿನಗಳ ಫೋಟೊಗಳು ಬಹುಪಾಲು ಚಿಪ್ಪಿನ ಬೆನ್ನು, ಬೆಳಕಿನ ಹೊಳಪು, ನನ್ನದೇ ಬೂಟು.

ಮಕ್ಕಳಿಗೆ ಬ್ಯಾಡ್ಜ್ ಸಿಗುವ ಖುಷಿ ಬೇಕಿದ್ದರೆ, ಹೆಸರು ಸ್ವಲ್ಪ ಆಚೀಚೆಯಾದರೂ ಪರವಾಗಿಲ್ಲವೆಂದರೆ, ಆ್ಯಪ್ ಧಾರಾಳವಾಗಿ ಸಾಕು. ಮೈಕ್ರೋಸ್ಕೋಪ್ ಇದ್ದವರು, ಜೀವಶಾಸ್ತ್ರ ಓದುತ್ತಿರುವವರು ಪುಸ್ತಕ ಕೊಳ್ಳಲಿ, ಆದರೆ ಮುದ್ರಣದ ವರ್ಷ ನೋಡಿ ಕೊಳ್ಳಲಿ. ತಿಂಗಳಿಗೊಂದು ಇಳಿತಕ್ಕೆ ಹೋಗಿ ಬಂದು ಬಾಕಿ ದಿನ ಆಫೀಸಿನಲ್ಲಿ ಕಳೆಯುವ ನನ್ನಂಥವರಿಗೆ ಕಾರ್ಡು, ಜೊತೆಗೆ ಅಗ್ಗದ ಒಂದು ಭೂತಗನ್ನಡಿ. ಇಡೀ ಪೆಸಿಫಿಕ್ ತೀರಕ್ಕೆ ಒಂದೇ ಎಂದು ಮಾರುವ ಕಾರ್ಡು ಬೇಡ. ನೀವು ಹೋಗುವ ಭಾಗದ್ದನ್ನೇ ಕೇಳಿ ತೆಗೆದುಕೊಳ್ಳಿ. ಸಿಯಾಟಲ್ ಕಡೆಯವರಿಗೆ ನನ್ನ ಕಾರ್ಡಿನ ಅರ್ಧ ದಂಡ.

ಮನೆಗೆ ಬಂದ ಮೇಲೆ ಕಾರ್ಡನ್ನು ನಲ್ಲಿ ನೀರಲ್ಲಿ ತೊಳೆದಿಡಿ. ಕುತ್ತಿಗೆಗೆ ತೂಗುಹಾಕಲು ಅಂಚಿನಲ್ಲಿ ತೂತು ಮಾಡಬೇಡಿ, ಅಲ್ಲಿಂದ ಉಪ್ಪುನೀರು ಇಳಿದು ಒಳಗಿನ ಕಾಗದ ಉಬ್ಬುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ದಾರ ಕಟ್ಟಿ ಸಿಕ್ಕಿಸಿದರೆ ಸಾಕು.