ಐದು ಕೆಜಿ ಕೋಕೋಪೀಟ್ ಇಟ್ಟಿಗೆ: ತೊಳೆದು ತೊಳೆದು ಸುಸ್ತಾದ ಮೇಲೆ ಬರೆದದ್ದು

ಪಾರ್ಸೆಲ್ ಬಂದ ದಿನ ಅತ್ತೆ ಮನೆಯಲ್ಲಿದ್ದರು. ತಿಪಟೂರಿನ ಕಡೆಯವರು. ರಟ್ಟು ಬಿಚ್ಚಿ ಕಂದು ಇಟ್ಟಿಗೆ ಹೊರಗೆ ತೆಗೆದಾಗ "ಏನಮ್ಮ ಇದು?" ಅಂದರು. ತೆಂಗಿನಕಾಯಿ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯೋ ಹೊಟ್ಟು, ಗಿಡಕ್ಕೆ, ಅಂದೆ. ಎಷ್ಟು ಕೊಟ್ಟೆ ಅಂತ ಕೇಳಿದರು. ಮುನ್ನೂರ ಎಂಬತ್ತು. "ನಮ್ಮಲ್ಲಿ ನೀರೊಲೆಗೆ ಹಾಕಿ ಹಾಕಿ ಮುಗಿಯಲ್ಲ, ನೀನು ದುಡ್ಡು ಕೊಟ್ಟು ತರಿಸ್ಕೊಂಡಿದೀಯಲ್ಲ!" ಅಂತ ಒಳಗೆ ಹೋದರು.

ಅವರಿಗೇನು, ತೋಟ ನೆಲದ ಮೇಲಿದೆ. ನಮ್ಮದು ಮೈಸೂರಲ್ಲಿ ಎರಡನೇ ಮಹಡಿಯ ಮೇಲಿನ ತಾರಸಿ. ಕೆಮ್ಮಣ್ಣಿನ ಚೀಲ ಹೊತ್ತು ಮೆಟ್ಟಿಲು ಹತ್ತಿ ಸೊಂಟ ಹಿಡಿದುಕೊಂಡವಳು ನಾನು. ಇದನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿದೆ.

ಟಬ್‌ನಲ್ಲಿಟ್ಟು ಬಿಸಿನೀರು ಸುರಿದರೆ ಅರ್ಧ ಗಂಟೆಯಲ್ಲಿ ಬಿಚ್ಚಿಕೊಳ್ಳುತ್ತೆ. ಪ್ಯಾಕೆಟ್ ಮೇಲೆ 75 ಲೀಟರ್ ಆಗುತ್ತೆ ಅಂತಿತ್ತು. 15 ಲೀಟರಿನ ಬಕೆಟ್‌ನಲ್ಲಿ ಅಳೆದೆ: ನಾಲ್ಕೂವರೆ ಬಕೆಟ್. ಅದಕ್ಕೆ ನಾನು ಜಗಳ ಆಡಲ್ಲ.

ಜಗಳ ಇರುವುದು "ತೊಳೆದದ್ದು, ಉಪ್ಪು ಕಡಿಮೆ" ಅನ್ನುವ ಸಾಲಿನ ಬಗ್ಗೆ. ಅದನ್ನು ನಂಬಿ ಆರು ಗ್ರೋ ಬ್ಯಾಗಿಗೆ ನೇರವಾಗಿ ತುಂಬಿ ನಾಲ್ಕಕ್ಕೆ ಬೀನ್ಸ್ ಬೀಜ ಊರಿದೆ, ಎರಡಕ್ಕೆ ಟೊಮೆಟೊ ಸಸಿ ನೆಟ್ಟೆ. ಬೀನ್ಸ್ ಚೆನ್ನಾಗಿಯೇ ಮೊಳೆಯಿತು. ಎರಡು ಎಲೆ ಬಿಡುವಷ್ಟರಲ್ಲಿ ಅಂಚು ಕಂದಾಗಿ, ಸೀದ ಹಪ್ಪಳದ ಹಾಗೆ ಮುರುಟಿಕೊಂಡಿತು. ಪಕ್ಕದ ಟೊಮೆಟೊಗೆ ಏನೂ ಆಗಿರಲಿಲ್ಲ. ರೋಗ ಅಂದುಕೊಂಡು ಬೇವಿನೆಣ್ಣೆ ಹೊಡೆದೆ, ದಂಡ. ಆಮೇಲೆ ಹೊಳೆಯಿತು. ಮಟ್ಟೆಯಲ್ಲೇ ಪೊಟ್ಯಾಶಿಯಂ, ಸೋಡಿಯಂ ಲವಣಗಳಿರುತ್ತವೆ. ಕರಾವಳಿಯ ಕಡೆ ಹಿನ್ನೀರಲ್ಲಿ ನೆನೆಹಾಕಿದ ಮಟ್ಟೆಯಾದರೆ ಇನ್ನಷ್ಟು. ಉಪ್ಪು ಕಂಡರೆ ಬೀನ್ಸ್ ಮೊದಲು ಸೊರಗುತ್ತೆ, ಟೊಮೆಟೊ ಸ್ವಲ್ಪ ತಡೆದುಕೊಳ್ಳುತ್ತೆ.

ಉಳಿದ ಹೊಟ್ಟನ್ನು ಯಜಮಾನರ ಹಳೇ ಪಂಚೆಯಲ್ಲಿ ಕಟ್ಟಿ ತೊಳೆದೆ. ಮೊದಲ ನೀರು ಥೇಟ್ ಕಾಫಿ ಡಿಕಾಕ್ಷನ್. ಬೆರಳು ಅದ್ದಿ ನಾಲಿಗೆ ತುದಿಗೆ ಮುಟ್ಟಿಸಿದರೆ ಉಪ್ಪುಪ್ಪು. ಮೂರನೇ ಸಲಕ್ಕೆ ಬಣ್ಣ ತಿಳಿಯಾಗಿ ರುಚಿ ಹೋಯಿತು. ದಿನ ಬಿಟ್ಟು ದಿನ ನಲ್ಲಿ ಬರುವ ಮನೆಯಲ್ಲಿ ಅಷ್ಟು ನೀರು ಚೆಲ್ಲುವುದು ಅಂದರೆ ಕರುಳು ಚುರ್ ಅನ್ನುತ್ತೆ. ಗಿಡಕ್ಕಂತೂ ಹಾಕುವ ಹಾಗಿಲ್ಲ, ಅಂಗಳ ತೊಳೆದೆ. ಮಾರಿದವರಿಗೆ ಫೋಟೊ ಸಮೇತ ಬರೆದದ್ದಕ್ಕೆ "ಮೇಡಂ, ಎಲ್ಲರೂ ತೊಳೆದೇ ಬಳಸ್ತಾರೆ" ಅಂತ ಉತ್ತರ. ಹಾಗಾದರೆ ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿದ್ದು ಯಾಕಪ್ಪ?

ತೊಳೆದ ಮೇಲೆ ಮಾತ್ರ ಮಾಲು ಒಳ್ಳೆಯದೇ. ಬರಿಯ ಹೊಟ್ಟಿನಲ್ಲಿ ಗಿಡದ ಹೊಟ್ಟೆ ತುಂಬಲ್ಲ, ಅದು ನೀರು ಹಿಡಿಯೋಕೆ, ಬೇರಿಗೆ ಗಾಳಿ ಆಡೋಕೆ ಅಷ್ಟೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಇದು, ಒಂದು ಪಾಲು ಎರೆಗೊಬ್ಬರ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯ ಟೊಮೆಟೊ ಹಾಕಿದೆ. ಅದೇ ಸಂಸ್ಥೆಯ ವೆಜಿಟೆಬಲ್ ಸ್ಪೆಷಲ್ ಅನ್ನೋ ಸೂಕ್ಷ್ಮ ಪೋಷಕಾಂಶದ ಪುಡಿಯನ್ನು ಅವರು ಹೇಳುವ ಹಾಗೆ ನಿಂಬೆರಸ, ಶಾಂಪೂ ಬೆರೆಸಿ ಸಿಂಪಡಿಸಿದೆ. (ಶಾಂಪೂ ಸ್ಯಾಶೆ ಎಲ್ಲಿ ಹೋಯಿತು ಅಂತ ಮಗಳು ಹುಡುಕುತ್ತಿದ್ದಳು.) ಏಪ್ರಿಲ್ ಬಿಸಿಲಲ್ಲಿ ಎರಡು ದಿನ ಊರಿಗೆ ಹೋಗಿ ಬಂದರೂ ಒಂದು ಗಿಡವೂ ಬಾಡಿರಲಿಲ್ಲ.

ಒಂದು ಮೋಸ ಇದೆ. ಮೇಲ್ಪದರ ಒಣಗಿ ತಿಳಿಬಣ್ಣಕ್ಕೆ ತಿರುಗಿದರೂ ಒಳಗೆ ಹಸಿ ಇರುತ್ತೆ. ಗೊತ್ತಿಲ್ಲದೆ ದಿನಾ ನೀರು ಹಾಕಿ ದಾಸವಾಳದ ಎಲೆಯೆಲ್ಲ ಹಳದಿ ಮಾಡಿಕೊಂಡೆ. ಈಗ ಎರಡು ಗೆಣ್ಣು ಬೆರಳು ತೂರಿಸಿ ನೋಡದೆ ನೀರು ಹಾಕಲ್ಲ.

ಐದಕ್ಕೆ ಮೂರು ಕೊಡ್ತೀನಿ. ಒಂದು ಕಳೆದದ್ದು ಉಪ್ಪಿಗೆ, ಇನ್ನೊಂದು ಆ ಉತ್ತರಕ್ಕೆ. ಮುಂದಿನ ಸಲ ಬೇರೆ ಕಡೆಯಿಂದ 650 ಗ್ರಾಮಿನ ಸಣ್ಣ ಇಟ್ಟಿಗೆ ಒಂದು ತರಿಸಿ, ನೆನೆಸಿ, ನಾಲಿಗೆಗೆ ಮುಟ್ಟಿಸಿ ನೋಡಿ ಆಮೇಲೆ ದೊಡ್ಡದು. ಅತ್ತೆ ಈ ಸಲ ಒಂದು ಗೋಣಿಚೀಲ ಮಟ್ಟೆ ತಂದಿದ್ದಾರೆ. ಅದನ್ನು ಪುಡಿ ಮಾಡೋದು ನನ್ನ ಕೈಲಾಗಲ್ಲ, ತುಂಡು ಮಾಡಿ ಕುಂಡದ ತಳಕ್ಕೆ ಹಾಕಿದೀನಿ.