ಬಾಡಿಗೆಯ ನೋ-ಟಿಲ್ ಡ್ರಿಲ್: ಹಳೇ ಹುಲ್ಲುಗಾವಲಿಗೆ ಎಷ್ಟು ಉಪಯೋಗ?

ಅಮೆರಿಕದ ಅನೇಕ ಕೌಂಟಿಗಳಲ್ಲಿ ಮಣ್ಣು-ನೀರು ಸಂರಕ್ಷಣಾ ಡಿಸ್ಟ್ರಿಕ್ಟ್‌ಗಳು (ಸ್ಥಳೀಯ ಸಾರ್ವಜನಿಕ ಸಂಸ್ಥೆಗಳು) ನೋ-ಟಿಲ್ ಡ್ರಿಲ್ಲನ್ನು, ಅಂದರೆ ಉಳದೆಯೇ ಬೀಜ ಬಿತ್ತುವ ಯಂತ್ರವನ್ನು, ಎಕರೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತವೆ. ವರ್ಷಕ್ಕೆ ಒಂದೆರಡು ದಿನದ ಕೆಲಸ, ಸಣ್ಣ ಹಿಡುವಳಿಯವರು ಕೊಳ್ಳುವ ಯಂತ್ರ ಅಲ್ಲವೇ ಅಲ್ಲ.

ಮುಂದಿನ ಕೋಲ್ಟರ್ (ನೆಲ ಸೀಳುವ ಚಕ್ರದಲಗು) ಬೇರಿನ ಹೆಣಿಗೆ ಸೀಳುತ್ತದೆ, ಹಿಂದಿನ ಜೋಡಿ ಡಿಸ್ಕ್ ಬೀಜ ಇಳಿಸುತ್ತದೆ, ಒತ್ತುಚಕ್ರ ಸಾಲು ಮುಚ್ಚುತ್ತದೆ. ಸಣ್ಣ ಬೀಜಕ್ಕೆ ಬೇರೆ ಪೆಟ್ಟಿಗೆ ಇರುವುದನ್ನೇ ಕೇಳಿ ತನ್ನಿ. ಹುಲ್ಲಿನ ನಡುವೆ ಸೇರಿಸಲು ಎಕರೆಗೆ ಸುಮಾರು 3 ಕೆ.ಜಿ. ಕೆಂಪು ಕ್ಲೋವರ್ (ದ್ವಿದಳ ಮೇವಿನ ಗಿಡ) ಬೀಜ ಸಾಕು, ಆಳ ಕಾಲು ಇಂಚಿನಿಂದ ಅರ್ಧ ಇಂಚು. ಒಂದು ಇಂಚಿಗೆ ಇಳಿದರೆ ಮೊಳಕೆ ಮೇಲೆ ಬರುವುದೇ ಅನುಮಾನ. ಆಮೇಲೆ ಬೀಜದಂಗಡಿಯವನನ್ನು ಬೈಯುವುದು ಮಾಮೂಲು!

ತಾಪತ್ರಯವೆಲ್ಲ ಯಂತ್ರ ಹಲವರ ಕೈ ದಾಟಿ ಬರುವುದರದು. ಪೆಟ್ಟಿಗೆಯಲ್ಲಿ ಹಿಂದಿನವರ ಬೀಜ ಉಳಿದಿರುತ್ತದೆ, ಆಳ ಅವರ ಗೋಧಿಗೆ ಹೊಂದಿಸಿದ್ದಿರುತ್ತದೆ. ಎಕರೆಗೆ ಎಷ್ಟು ಬೀಜ ಬೀಳುತ್ತದೆಂಬ ಮುಚ್ಚಳದ ಚಾರ್ಟ್ ನೆಚ್ಚಬೇಡಿ, ಬೀಜ ಇಳಿಯುವ ಟ್ಯೂಬ್ ಕಳಚಿ ಬೀಜ ಹಿಡಿದು ತೂಗಿ. ಡಿಸ್ಕ್ ನೆಲದಲ್ಲಿರುವಾಗ ಹಿಂದಕ್ಕೆ ಸರಿದರೆ ಟ್ಯೂಬಿಗೆ ಮಣ್ಣು ಕಚ್ಚುತ್ತದೆ. ಸಾಲು ಖಾಲಿ ಎಂದು ತಿಳಿಯುವುದು ವಾರಗಳ ನಂತರ. ಹಸಿ ನೆಲದಲ್ಲಿ ಸೀಳು ಮುಚ್ಚುವುದಿಲ್ಲ, ಒಣಗಿದಾಗ ಇನ್ನಷ್ಟು ಬಾಯಿ ಬಿಡುತ್ತದೆ. ಸರದಿ ಬಂತೆಂದು ಕೆಸರಿಗೆ ಇಳಿಸುವುದಕ್ಕಿಂತ ಸರದಿ ಬಿಡುವುದು ಮೇಲು.

ಬಿತ್ತುವ ಮೊದಲು ಹುಲ್ಲನ್ನು 3 ಇಂಚಿನವರೆಗೆ ಮೇಯಿಸಿ. ಹಳೇ ಕುದುರೆಮೆಂತ್ಯದ (ಲೂಸರ್ನ್ ಮೇವಿನ) ಹೊಲಕ್ಕೆ ಮತ್ತೆ ಕುದುರೆಮೆಂತ್ಯ ಹಾಕಿದರೆ ಎಂಥ ಡ್ರಿಲ್ ಇದ್ದರೂ ದಂಡ: ಹಳೇ ಗಿಡದ ವಿಷ ಎಳೆ ಬೇರನ್ನು ಕುಗ್ಗಿಸುತ್ತದೆ.