ರೆಡಿಮೇಡ್ ಅಗ್ರಿಮೆಂಟ್ ಪ್ಯಾಕ್: ಎಲ್ಲ ಚೆನ್ನಾಗಿದೆ, 17ನೇ ಷರತ್ತು ಒಂದು ಬಿಟ್ಟು

ರೇಟಿಂಗ್: 5ಕ್ಕೆ 2

ವ್ಯಾಪಾರದ ಕರಾರುಗಳ ರೆಡಿಮೇಡ್ ಪ್ಯಾಕ್ ಒಂದನ್ನು ಆನ್‌ಲೈನ್‌ನಲ್ಲಿ 1,499 ರೂಪಾಯಿ ಕೊಟ್ಟು ತಗೊಂಡಿದ್ದೆ. ಮಾರಿದವರ ಹೆಸರು ಬೇಡ, ಇಂಥದ್ದು ಮಾರುವವರು ಬೇಕಾದಷ್ಟು ಜನ ಇದ್ದಾರೆ. ಪೀಣ್ಯದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಪಂಪ್‌ಗಳಿಗೆ ಶಾಫ್ಟು, ಬುಷ್ಷು ಮಾಡಿ ಕೊಡುತ್ತೇವೆ. ಕೊಯಮತ್ತೂರಿನ ಒಂದು ಪಾರ್ಟಿ ದೊಡ್ಡ ಆರ್ಡರ್ ಕೊಟ್ಟಾಗ, ಬರೀ ಪಿಓ (ಪರ್ಚೇಸ್ ಆರ್ಡರ್, ಅಂದರೆ ಖರೀದಿ ಆದೇಶ) ನಂಬಿಕೊಂಡು ಮಾಲು ಕಳಿಸೋದು ಬೇಡ ಅಂತ ಈ ಪ್ಯಾಕ್‌ನಲ್ಲಿದ್ದ ಸಪ್ಲೈ ಅಗ್ರಿಮೆಂಟ್ ತೆಗೆದು, ಹೆಸರು, ರೇಟು, ತಾರೀಕು ತುಂಬಿ, ಇ-ಸ್ಟ್ಯಾಂಪ್ ಪೇಪರ್ ಮೇಲೆ ಪ್ರಿಂಟ್ ಹಾಕಿ ಇಬ್ಬರೂ ಸಹಿ ಮಾಡಿದೆವು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಮಾಲು ರಿಜೆಕ್ಟ್ ಆದರೆ ಎಷ್ಟು ದಿನದಲ್ಲಿ ತಿಳಿಸಬೇಕು, ಲಾರಿ ಬಾಡಿಗೆ ಯಾರದು, ದುಡ್ಡು ತಡವಾದರೆ ಬಡ್ಡಿ ಎಷ್ಟು, ಎಲ್ಲ ನೀಟಾಗಿ ಬರೆದಿದ್ದಾರೆ. ಭಾಷೆಯೂ ಸರಳ.

ಎಡವಟ್ಟು ಇದ್ದದ್ದು 17ನೇ ಷರತ್ತಿನಲ್ಲಿ. ಯಾವುದೇ ವ್ಯಾಜ್ಯ ಬಂದರೂ ದೆಹಲಿ ಕೋರ್ಟಿನಲ್ಲಿ ಮಾತ್ರ ನಡೆಯಬೇಕು ಅಂತ ಮೊದಲೇ ಟೈಪ್ ಆಗಿತ್ತು. ಹೆಸರು, ರೇಟು ತುಂಬುವ ಕಡೆಯೆಲ್ಲ ಹಳದಿ ಬಣ್ಣ ಹಚ್ಚಿದ್ದರು. ಈ ಜಾಗಕ್ಕೆ ಹಚ್ಚಿರಲಿಲ್ಲ. ನಾನೂ ಓದಲಿಲ್ಲ, ಅವರೂ ಓದಲಿಲ್ಲ.

ಆಮೇಲೆ ಕೊಯಮತ್ತೂರಿನವರಿಂದ 6,40,000 ರೂಪಾಯಿ ಬಾಕಿ ನಿಂತಿತು. 3 ಲಕ್ಷಕ್ಕಿಂತ ಜಾಸ್ತಿ ಇದ್ದಿದ್ದರಿಂದ ಕಮರ್ಷಿಯಲ್ ಕೋರ್ಟಿಗೆ ಹೋಗಬೇಕು, ಅದಕ್ಕೂ ಮುಂಚೆ ಮಧ್ಯಸ್ಥಿಕೆಗೆ ಪ್ರಯತ್ನ ಮಾಡಲೇಬೇಕು ಅಂತ ನಿಯಮ. ಅವರು ಅಲ್ಲಿಗೆ ಬರಲೇ ಇಲ್ಲ. ಸರಿ, ಬೆಂಗಳೂರಿನಲ್ಲಿ ದಾವೆ ಹಾಕಿದೆವು. ಅವರ ಕಡೆಯಿಂದ ಮೊದಲು ಬಂದದ್ದು ಒಂದು ಅರ್ಜಿ. ದೆಹಲಿ ಅಂತ ಇವರೇ ಸಹಿ ಹಾಕಿದ್ದಾರೆ, ಆದ್ದರಿಂದ ವಾದಪತ್ರ (ನಾವು ಹಾಕಿದ ದಾವೆಯ ಅರ್ಜಿ) ವಾಪಸ್ ಕೊಡಿ, ಅಲ್ಲೇ ಹಾಕಿಕೊಳ್ಳಲಿ ಅಂತ.

ನಮ್ಮ ವಕೀಲರು ಆ ಪುಟದ ಮೇಲೆ ಬೆರಳಿಟ್ಟು ಕೇಳಿದ್ದು ಒಂದೇ ಮಾತು: "ಸಾರ್, ದೆಹಲೀಲಿ ನಿಮಗೆ ಯಾರಿದ್ದಾರೆ?" ಯಾರೂ ಇಲ್ಲ ಮೇಡಂ, ಅಂದೆ. "ಹಾಗಾದ್ರೆ ಹೆದರ್ಬೇಡಿ" ಅಂದರು.

ಅವರು ಬಿಡಿಸಿ ಹೇಳಿದ್ದು ಹೀಗೆ. ಪ್ರತಿವಾದಿ ಇರುವ ಅಥವಾ ವ್ಯವಹಾರ ಮಾಡುವ ಊರಿನಲ್ಲಿ, ಇಲ್ಲವೇ ವ್ಯವಹಾರದ ಒಂದು ಭಾಗವಾದರೂ ನಡೆದ ಊರಿನಲ್ಲಿ ದಾವೆ ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮು ಹೇಳೋದು ಅದನ್ನೇ. ಹೀಗೆ ಎರಡು ಮೂರು ಊರು ಸಿಕ್ಕಿದರೆ, ಅದರಲ್ಲಿ ಒಂದನ್ನು ಮಾತ್ರ ಅಂತ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಅಧಿಕಾರವೇ ಇಲ್ಲದ ಕೋರ್ಟಿಗೆ ನಾವಿಬ್ಬರು ಸಹಿ ಹಾಕಿ ಅಧಿಕಾರ ಕೊಡೋಕಾಗಲ್ಲ. ಹಾಕಂ ಸಿಂಗ್ ಮತ್ತು ಗ್ಯಾಮನ್ ಕಂಪನಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1971ರಲ್ಲೇ ಇದನ್ನು ಹೇಳಿದೆ. ನಮ್ಮ ಮಾಲು ಹೊರಟದ್ದು ಪೀಣ್ಯದಿಂದ, ಇಳಿದದ್ದು ಕೊಯಮತ್ತೂರಿನಲ್ಲಿ, ದುಡ್ಡು ಬರಬೇಕಾದದ್ದು ಬೆಂಗಳೂರಿನ ಬ್ಯಾಂಕಿಗೆ. ದೆಹಲಿಗೆ ಇದರಲ್ಲಿ ಏನೂ ಸಂಬಂಧ ಇಲ್ಲ, ಅಲ್ವಾ?

ಅರ್ಜಿ ವಜಾ ಆಯಿತು. ಆದರೆ ಅಷ್ಟರಲ್ಲಿ ಏಳು ತಿಂಗಳು ಹೋಗಿತ್ತು.

ಅಲ್ಲಿ ದೆಹಲಿ ಬದಲು ಕೊಯಮತ್ತೂರು ಅಂತ ಇದ್ದಿದ್ದರೆ ಕಥೆಯೇ ಬೇರೆ. ಆ ಷರತ್ತು ಕೋರ್ಟಿನಲ್ಲಿ ಊರ್ಜಿತವಾಗುತ್ತಿತ್ತು. ಪ್ರತಿ ಡೇಟಿಗೂ ನಾನು ಅಲ್ಲಿಗೆ ಓಡಬೇಕಿತ್ತು. 2020ರಲ್ಲಿ ಒಂದು ಕೇಸು ಹೀಗೇ ಗುರುಗ್ರಾಮದಿಂದ ದೆಹಲಿಗೆ ಹೋದಾಗ, ಅಲ್ಲಿ ವಿಚಾರಣೆ ಮೊದಲಿಂದಲೇ ಶುರುವಾಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಹಿಂದೆ ನಡೆದದ್ದೆಲ್ಲ ಲೆಕ್ಕಕ್ಕಿಲ್ಲ. ಆದ್ದರಿಂದ ಎದುರು ಪಾರ್ಟಿ ಅಗ್ರಿಮೆಂಟ್ ಕಳಿಸಿದರೆ ರೇಟು ನೋಡಿದಷ್ಟೇ ಗಮನ ಕೊಟ್ಟು ಈ ಸಾಲನ್ನೂ ನೋಡಿ.

"ಮಾತ್ರ" ಅನ್ನೋ ಪದ ಇಲ್ಲದಿದ್ದರೆ ತಪ್ಪಿಸಿಕೊಳ್ಳಬಹುದು ಅಂತ ನನ್ನ ಸ್ನೇಹಿತರೊಬ್ಬರು ಹೇಳಿದ್ದರು. ಅದನ್ನೂ ಕೇಳಿದೆ. ಗುಜರಾತಿನ ಜರಿ ನೂಲಿನ ಕಂಪನಿಯೊಂದು, ಎಬಿಸಿ ಲ್ಯಾಮಿನಾರ್ಟ್, ತನ್ನ ಷರತ್ತಿನಲ್ಲಿ ಕೈರಾ (ಅಲ್ಲಿಯದೇ ಊರು) ಅಂತ ಬರೆದಿತ್ತು. "ಮಾತ್ರ" ಅಂತ ಇರಲಿಲ್ಲ. ಸೇಲಂನಲ್ಲಿ ಹಾಕಿದ ದಾವೆಯೂ ನಡೆಯುತ್ತೆ ಅಂತ 1989ರಲ್ಲಿ ತೀರ್ಪಾಯಿತು. ಆದರೆ 2013ರಲ್ಲಿ ಸ್ವಸ್ತಿಕ್ ಗ್ಯಾಸಸ್ ಕೇಸಿನಲ್ಲಿ, ಬರೀ ಕೋಲ್ಕತ್ತಾ ಅಂತ ಬರೆದಿದ್ದರೂ ಉಳಿದ ಊರುಗಳನ್ನು ಬೇಡ ಅಂದಂತೆಯೇ ಅಂತ ಕೋರ್ಟ್ ಹೇಳಿತು, ಜೈಪುರದವರಿಗೆ ಜೈಪುರ ಸಿಗಲಿಲ್ಲ. ಹಾಗಾಗಿ ಆ ಒಂದು ಪದ ಇಲ್ಲ ಅಂತ ಧೈರ್ಯವಾಗಿ ಕೂರಬೇಡಿ.

ಇನ್ನೊಂದು ವಿಷಯ. ನಮ್ಮ ಬಿಲ್ ಬುಕ್ಕಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಬೆಂಗಳೂರು ನ್ಯಾಯವ್ಯಾಪ್ತಿಗೆ ಒಳಪಟ್ಟಿದೆ" ಅಂತ ಎಷ್ಟೋ ವರ್ಷದಿಂದ ಪ್ರಿಂಟ್ ಆಗ್ತಿದೆ. ಅದು ಸಾಕು ಅಂದುಕೊಂಡಿದ್ದೆ. ಇಬ್ಬರೂ ಸಹಿ ಹಾಕಿದ ಅಗ್ರಿಮೆಂಟ್ ಒಂದು ಕಡೆ ಇರುವಾಗ, ನಾವೊಬ್ಬರೇ ಪ್ರಿಂಟ್ ಮಾಡಿಸಿದ ಬಿಲ್ಲಿನ ಸಾಲನ್ನು ನೆಚ್ಚಿಕೊಳ್ಳಬೇಡಿ ಅಂದರು ಮೇಡಂ.

ಪ್ಯಾಕ್ ಮಾರಿದವರಿಗೆ ಮೇಲ್ ಹಾಕಿದೆ. ಎರಡು ದಿನದಲ್ಲಿ ಉತ್ತರ ಬಂತು: ಇದು ಬರೀ ಮಾದರಿ, ವಕೀಲರನ್ನು ಕೇಳಿಕೊಳ್ಳಿ. ಅದನ್ನು ಒಪ್ಪುತ್ತೇನೆ. ಆದರೆ ಆ ಜಾಗ ಖಾಲಿ ಬಿಟ್ಟು ಹಳದಿ ಬಣ್ಣ ಹಚ್ಚೋಕೆ ಎಷ್ಟು ಹೊತ್ತು ಬೇಕು? ಸಣ್ಣ ವರ್ಕ್‌ಶಾಪಿನವರು ಇದನ್ನು ತಗೊಳ್ಳೋದೇ ವಕೀಲರ ಫೀಸು ಕೊಡೋಕೆ ಆಗದೆ. ಎರಡು ಸ್ಟಾರ್ ಕಮ್ಮಿ ಮಾಡಿದ್ದು ಈ ಸಾಲಿಗೆ, ಇನ್ನೊಂದು ಆ ಉತ್ತರಕ್ಕೆ.

ನೀವು ಈಗಾಗಲೇ ತಗೊಂಡಿದ್ದರೆ ಫೈಲ್ ತೆರೆದು "ದೆಹಲಿ" ಅಂತ ಹುಡುಕಿ. ಸಪ್ಲೈ ಅಗ್ರಿಮೆಂಟಿನಲ್ಲಿ 17ನೇ ಷರತ್ತು, ಜಾಬ್ ವರ್ಕ್‌ನದ್ದರಲ್ಲಿ 14, ಏಜೆನ್ಸಿಯದ್ದರಲ್ಲಿ 21. ಏಜೆನ್ಸಿಯದ್ದರಲ್ಲಿ ಮೊದಲ ಪುಟದಲ್ಲೂ ಒಂದು ಸಲ ಬಂದಿದೆ, ಅದನ್ನೂ ಬದಲಾಯಿಸಿ.